ಶರ್ಟಿನ ಕಾಲರುಗಳಾದ ಔಷಧಿ ಚೀಟಿಗಳು

"ಆಸ್ಪತ್ರೆ ಚೀಟಿಗಳೆಲ್ಲಿ ಅಕ್ಕಾ?" ಎಂದು ಉಚಿತ ಕಾನೂನು ನೆರವಿನ ಲಾಯರಮ್ಮ ಕೇಳಿದಳು.

ದರ್ಜಿಯಕ್ಕ ತಲೆ ತಗ್ಗಿಸಿದಳು. "ಕಾಲರು ಕತ್ತರಿಸಿಬಿಟ್ಟೆ ಕಣಮ್ಮ."

ಮೂವತ್ತು ವರ್ಷದ ಚಾಳಿ ಅದು. ಗಟ್ಟಿ ಕಾಗದ ಕೈಗೆ ಸಿಕ್ಕರೆ ಸಾಕು, ಕಾಲರಿಗೋ ಜೇಬಿಗೋ ನಮೂನೆ ಕತ್ತರಿಸಿ ಮೊಳೆಗೆ ಸಿಕ್ಕಿಸುವುದು. ಸ್ವಂತ ತಂಗಿಯ ಮದುವೆ ಕಾಗದವನ್ನೂ ಬಿಟ್ಟವಳಲ್ಲ. ಆಸ್ಪತ್ರೆಯ ಚೀಟಿಯಂತೂ ರಟ್ಟಿನಷ್ಟು ದಪ್ಪ.

ಎಂಟು ತಿಂಗಳಲ್ಲಿ ಐದು ಸಲ ಹೊಟ್ಟೆ ಹಿಡಿದುಕೊಂಡು ಊರಿನ ಆಸ್ಪತ್ರೆಗೆ ಹೋಗಿದ್ದಳು. ಐದು ಸಲವೂ ಡಾಕ್ಟರು ಹೊಟ್ಟೆ ಮುಟ್ಟದೆ ಬರೆದದ್ದು ಒಂದೇ: ಗ್ಯಾಸ್ಟ್ರಿಕ್. ಎದ್ದು ಹೋಗು ಎನ್ನಲು ದೊಡ್ಡವರಿಗೆ ಇದಕ್ಕಿಂತ ಮರ್ಯಾದೆಯ ಮಾತು ಸಿಕ್ಕಲಾರದು! ಕೊನೆಗೆ ಬೇರೆ ಊರಿನ ಡಾಕ್ಟರು ಗಡ್ಡೆ ಹುಡುಕಿ, ಮೊಳದುದ್ದ ಕರುಳು ತೆಗೆದು ಬದುಕಿಸಿದರು. "ಆರು ತಿಂಗಳು ಮುಂಚೆ ಬಂದಿದ್ರೆ ಚಿಕ್ಕದರಲ್ಲೇ ಮುಗೀತಿತ್ತು" ಎಂದರು. ಮೊದಲ ಆಸ್ಪತ್ರೆಯದು ಈಗ ಒಂದೇ ರಾಗ: ಈ ಹೆಂಗಸು ಬಂದದ್ದು ಒಂದೇ ಸಲ. ಐದು ಸಲವೆಂದು ತೋರಿಸಲಾಗದಿದ್ದರೆ ಪರಿಹಾರದ ಕೇಸು ಅಲ್ಲಿಗೇ ಮಣ್ಣುಪಾಲು.

"ಕತ್ತರಿಸಿದ್ದನ್ನ ಎಸೆದಿರಾ?"

ದರ್ಜಿಯಕ್ಕನಿಗೆ ರೇಗಿತು. "ನಮೂನೆ ಯಾರಾದ್ರೂ ಎಸೀತಾರಾ?"

ಇಬ್ಬರೂ ಅಂಗಡಿಗೆ ಓಡಿ ಮೊಳೆಯ ಗೊಂಚಲನ್ನೇ ಕಿತ್ತು ತಂದರು. ಐದು ಕಾಲರು. ಐದರ ಮೇಲೂ ತಾರೀಖು, ಗ್ಯಾಸ್ಟ್ರಿಕ್.

ವಿಚಾರಣೆಯ ದಿನ ಆ ಕಾಲರುಗಳನ್ನು ನೋಡಿ ಆಸ್ಪತ್ರೆಯ ವಕೀಲರು ಕಿಸಕ್ಕನೆ ನಕ್ಕರು. "ಇದೇನು ಕೋರ್ಟಾ, ಟೈಲರಿಂಗ್ ಕ್ಲಾಸಾ?"

"ನಗಬೇಡಿ ಸಾರ್," ದರ್ಜಿಯಕ್ಕ ಎದ್ದು ನಿಂತಳು. "ಅಲ್ಲಿ ಕೂತಿರೋ ಡಾಕ್ಟರಿಗೆ ಶರ್ಟು ಹೊಲಿಯೋಳೂ ನಾನೇ. ಅವರು ಹಾಕ್ಕೊಂಡಿರೋ ಕಾಲರು ಈ ಚೀಟಿಯ ಅಳತೆಯಲ್ಲೇ ತೆಗೆದದ್ದು. ಬೇಕಾದ್ರೆ ಇಟ್ಟು ನೋಡಿ."

ಡಾಕ್ಟರ ಕೈ ತಾನಾಗಿ ಕುತ್ತಿಗೆಗೆ ಹೋಯಿತು. "ಅಕ್ಷರ ನನ್ನದೇ" ಎಂದರು, ನೆಲ ನೋಡುತ್ತ.

ತೀರ್ಪು ಅವಳ ಕಡೆಗೇ ಬಂತು. ಪರಿಹಾರದ ಜೊತೆ ಮುಂದಿನ ಚಿಕಿತ್ಸೆಯೂ ಆಸ್ಪತ್ರೆಯ ತಲೆಗೇ ಬಿತ್ತು. ದರ್ಜಿಯಕ್ಕ ನೇರ ಕೋರ್ಟಿನ ಗುಮಾಸ್ತನ ಮೇಜಿಗೆ ಹೋದಳು.

"ನನ್ನ ಕಾಲರು ಕೊಡಪ್ಪಾ."

"ಅವು ಫೈಲಲ್ಲೇ ಇರಬೇಕಮ್ಮ."

"ಹಾಗಾದ್ರೆ ಗಟ್ಟಿ ಕಾಗದನಾದ್ರೂ ಕೊಡು."

ಅಲ್ಲೇ ಫೈಲು ಬಿಡಿಸಿ, ಐದರ ಅಂಚಿಗೂ ಪೆನ್ಸಿಲ್ ಎಳೆದು ಹೊಸ ನಮೂನೆ ಕತ್ತರಿಸಿಕೊಂಡಳು. ಕಾಗದ ಹಿಡಿದುಕೊಂಡವಳು ಲಾಯರಮ್ಮ.

ಗುಮಾಸ್ತನಿಗೂ ಆಸೆಯಾಯಿತು. "ನನಗೊಂದು ಶರ್ಟು ಹೊಲಿದುಕೊಡ್ತೀರಾ ಅಕ್ಕಾ? ಅಳತೆ ಮೂವತ್ತೆಂಟು ಅಂತ ಬರ್ಕೊಳ್ಳಿ."

"ಅಂಗಡಿಗೆ ಬಾರಪ್ಪ. ನಾನು ಮುಟ್ಟಿ ನೋಡದೆ ಏನೂ ಬರೆಯೋಳಲ್ಲ."