ಮುಳ್ಳಿನ ಕಂಟಿ ಎಳೆದ ದಾರಿ

ಮೊನ್ನೆ ಮಳೆ ನಿಂತ ಮೇಲೆ ನಮ್ಮ ಹತ್ತಿ ಮಿಲ್ಲಿನಿಂದ ಲಾರಿಯೊಂದು ಹೊರಗೆ ಹೋಯಿತು. ಹಸಿ ಎರೆಮಣ್ಣಿನ ವಾಸನೆಗೆ ಡೀಸೆಲ್ ಹೊಗೆ ಬೆರೆತು ಮೂಗಿಗೆ ಬಡಿಯಿತು. ನೋಡಿದರೆ ಗೇಟಿನ ಮುಂದೆ ಹಿಂದಿನ ಜೋಡಿ ಗಾಲಿಗಳ ಗುರುತು ಆಳವಾಗಿ ಹೂತಿತ್ತು. ಸೈನ್ಯದಿಂದ ನಿವೃತ್ತನಾಗಿ ರಾಯಚೂರಿನ ಈ ಗೇಟಿನಲ್ಲಿ ಕಾವಲಿಗೆ ಕೂತು ಎಷ್ಟೋ ವರ್ಷವಾಯಿತು. ಆದರೂ ಹೂತ ಗಾಲಿಯ ಗುರುತು ಕಂಡರೆ ನನಗೆ ನೆನಪಾಗುವವರು ಒಬ್ಬರೇ... ನಮ್ಮ ಹವಾಲ್ದಾರಣ್ಣ.

ಅವರು ಮಾನ್ವಿಯವರು, ನಾನು ದೇವದುರ್ಗದ ಕಡೆ ಮಸರಕಲ್‌ನವನು. ನಮ್ಮಿಬ್ಬರಿಗೂ ವಿಶ್ವಸಂಸ್ಥೆಯ ಶಾಂತಿಪಡೆಯ ನೀಲಿ ಟೋಪಿ ತೊಡಿಸಿ ಆಫ್ರಿಕಾದ ಒಂದು ದೇಶಕ್ಕೆ ಕಳಿಸಿದ್ದರು. ಅಲ್ಲಿ ಎರಡು ಪಂಗಡಗಳು ಬಡಿದಾಡಿ ಸುಸ್ತಾಗಿ ಕದನ ವಿರಾಮಕ್ಕೆ ಒಪ್ಪಿಕೊಂಡಿದ್ದವು. ಯಾರ ಸೈನಿಕರು ಎತ್ತ ಹೋಗುತ್ತಾರೆ, ಯಾವ ಲಾರಿ ಏನು ಹೊತ್ತು ಹೋಗುತ್ತದೆ ಎಂದು ದಾರಿ ಕಾಯುವುದು, ಬರೆಯುವುದು, ವೈರ್‌ಲೆಸ್‌ನಲ್ಲಿ ಮೇಲಿನವರಿಗೆ ತಿಳಿಸುವುದು ನಮ್ಮ ಕೆಲಸ. ಯುದ್ಧ ಮಾಡುತ್ತೇನೆಂದು ಮೀಸೆ ತಿರುವಿಕೊಂಡು ಹೋದವನಿಗೆ ಟೋಲ್‌ಗೇಟಿನ ಕೆಲಸ ಸಿಕ್ಕಿತಲ್ಲ ಎಂದು ನನಗೆ ಒಳಗೊಳಗೇ ಸಿಟ್ಟು.

ಅಣ್ಣನಿಗೆ ಆ ಕೆಲಸದಲ್ಲಿ ಅಪಾರ ಶ್ರದ್ಧೆ. ದಿನಾ ಬೆಳಿಗ್ಗೆ ಮುಳ್ಳಿನ ಕಂಟಿಯೊಂದಕ್ಕೆ ಹಗ್ಗ ಕಟ್ಟಿ, ಚೌಕಿಯ ಮುಂದಿನ ಮಣ್ಣುದಾರಿಯ ಮೇಲೆ ಇಪ್ಪತ್ತು ಹೆಜ್ಜೆ ಎಳೆಯುತ್ತಿದ್ದರು. ನಿನ್ನೆಯ ಗುರುತೆಲ್ಲ ಅಳಿಸಿ ದಾರಿ ಒರೆಸಿದ ಪಾಟಿಯಂತಾಗುತ್ತಿತ್ತು; ಆಮೇಲೆ ಹಾದುಹೋದ ಗಾಲಿಗಳ ಗುರುತನ್ನು ಅದರ ಮೇಲೆ ಓದುತ್ತಿದ್ದರು. ಪರದೇಶದ ಕಸ ಗುಡಿಸಲು ಬಂದಿದ್ದಾರೆ ಎಂದು ನಾವು ನಗುತ್ತಿದ್ದೆವು.

"ಬಂಡಿ ಹೊಡದವಗ ಇದೇನ್ ದೊಡ್ಡ ವಿದ್ಯಾ ಅಲ್ಲಲೇ ತಮ್ಮಾ," ಅನ್ನುತ್ತಿದ್ದರು. "ಭಾರದ ಗಾಲಿ ಹೂತಿರತದ, ಖಾಲಿ ಗಾಲಿ ತೇಲಿರತದ. ನಮ್ಮ ಎರಿ ಹೊಲದಾಗ ಹೆಂಗೋ ಇಲ್ಲೂ ಹಂಗ."

ಆ ದಿನ ಮಧ್ಯಾಹ್ನದ ಕಾವಲು ನನ್ನದು. ಅಣ್ಣ ಒಬ್ಬರೇ ಆಚೆಯ ದಾರಿ ನೋಡಿ ಬರಲು ಹೋಗಿದ್ದರು. ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ನೀರಿನ ಟ್ಯಾಂಕರಿನ ನೆರಳಿಗೆ ಹೋಗಿ ಒರಗಿದವನು ಮಲಗಿಬಿಟ್ಟೆ. ಎಷ್ಟು ಹೊತ್ತೋ... ಎದ್ದಾಗ ನೆರಳು ಆಚೆ ಸರಿದಿತ್ತು. ದಾರಿಯ ಕಡೆ ಕಣ್ಣು ಸಹ ಹಾಯಿಸದೆ ಪುಸ್ತಕದಲ್ಲಿ 'ಸಂಚಾರ ಇಲ್ಲ' ಎಂದು ಬರೆದೆ. ವೈರ್‌ಲೆಸ್‌ನಲ್ಲೂ ಅದನ್ನೇ ಒದರಿದೆ.

ಸಂಜೆ ಬಂದ ಅಣ್ಣ ದಾರಿಯಲ್ಲೇ ಕುಕ್ಕರಗಾಲಲ್ಲಿ ಕೂತರು.

"ಆರು ಲಾರಿ. ಗುಡ್ಡದ ಕಡಿ ಹೋಗಾಗ ಹೂತಾವ, ಬರಾಗ ತೇಲ್ಯಾವ. ಏನೋ ಇಳಿಸಿ ಬಂದಾರ." ಆಮೇಲೆ ನನ್ನ ಮುಖ ನೋಡಿದರು. "ಮಲಗಿದ್ದಿಯೇನಲೇ?"

"ಇಲ್ರೀ ಅಣ್ಣಾ," ಅಂದೆ.

ಅವರು ಮತ್ತೆ ಕೇಳಲಿಲ್ಲ. ವೈರ್‌ಲೆಸ್ ಕಡೆಗೆ ಓಡಿದರು. ಆದರೆ ಹೊತ್ತು ಮೀರಿತ್ತು. ಮರುದಿನ ಬೆಳಿಗ್ಗೆ ಗುಡ್ಡದ ಮೇಲಿಂದ ಕೆಳಗಿನ ಹಳ್ಳಿಗೆ ಗುಂಡು ಸುರಿಯಿತು. ಬದುಕಿ ಉಳಿದವರು ಚಾಪೆ, ಪಾತ್ರೆ ತಲೆಯ ಮೇಲೆ ಹೊತ್ತು ನಮ್ಮ ಚೌಕಿಯ ಮುಂದೆಯೇ ಹಾದುಹೋದರು. ಕಂಕುಳಲ್ಲಿ ಕೋಳಿ ಇಟ್ಟುಕೊಂಡಿದ್ದ ಒಬ್ಬ ಹೆಂಗಸು ನನಗೆ ತಲೆಬಾಗಿ ನಮಸ್ಕಾರ ಮಾಡಿದಳು. ಕಾಯುವವನು ಎಂದುಕೊಂಡಿರಬೇಕು, ಪಾಪ.

ವಿಚಾರಣೆ ನಡೆಯಿತು. ಅಣ್ಣ ಸಾಹೇಬರ ಮುಂದೆ ನೆಟ್ಟಗೆ ನಿಂತು, ಹುಡುಗನನ್ನು ಬೇರೆ ಕೆಲಸಕ್ಕೆ ಕಳಿಸಿ ಕಾವಲಿಗೆ ತಾವೇ ಕೂತಿದ್ದಾಗಿಯೂ, ತಮಗೇ ಕಣ್ಣು ಹತ್ತಿತೆಂದೂ, ಅವನು ತಾವು ಹೇಳಿದ್ದನ್ನೇ ಬರೆದನೆಂದೂ ಹೇಳಿಬಿಟ್ಟರು. ನಾನು ಪಕ್ಕದಲ್ಲೇ ಇದ್ದೆ. ಬಾಯಿ ಬಿಡಲಿಲ್ಲ. ಹೊರಗೆ ಬಂದ ಮೇಲೆ ಅವರು ಅಂದದ್ದು ಇಷ್ಟೇ: "ನಿನ್ನ ನೌಕರಿ ಈಗ ಚಾಲೂ ಆಗ್ಯಾದ. ನಂದು ಮುಗಿಯಾಕ ಬಂದದ. ಇನ್ನ ಮ್ಯಾಲೆ ಎಚ್ಚರ ಇರು."

ಬಡ್ತಿ ತಪ್ಪಿಸಿ ಅವರನ್ನು ಊರಿಗೆ ಕಳಿಸಿದರು. ಸುದ್ದಿ ಅವರಿಗಿಂತ ಮೊದಲೇ ಮಾನ್ವಿ ತಲುಪಿತ್ತು. ಮುಂದೊಂದು ರಜೆಯಲ್ಲಿ ಮಾನ್ವಿ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಯಾರೋ "ನಿದ್ದಿ ಹವಾಲ್ದಾರ ಬಂದ ನೋಡ್ರಲೇ" ಅಂದರು. ಎಲ್ಲರೂ ನಕ್ಕರು. ನಾನೂ ಹಲ್ಲು ಕಿಸಿದೆ. ರಸ್ತೆಯ ಆಚೆ ಅಣ್ಣ ಸೈಕಲ್ ನೂಕಿಕೊಂಡು ಹೋಗುತ್ತಿದ್ದರು. ಕೇಳಿಸಿತೋ ಇಲ್ಲವೋ... ತಿರುಗಿ ನೋಡಲಿಲ್ಲ.

ಅವರು ತೀರಿಕೊಂಡಾಗ ಮನೆಯವರನ್ನು ಮಾತಾಡಿಸಿ ಬರಲು ಹೋಗಿದ್ದೆ. ಮಗಳು ಚೊಂಬಿನಲ್ಲಿ ನೀರು ಕೊಟ್ಟಳು. ಅತ್ತಿಗೆ ಒಳಗಿನ ಬಾಗಿಲ ಮರೆಯಲ್ಲಿ ಕೂತಿದ್ದರು, ಸೆರಗಿನ ಅಂಚಷ್ಟೇ ಕಾಣುತ್ತಿತ್ತು. ನಾನು ನೀರು ಕುಡಿದು ಮುಗಿಸುವವರೆಗೆ ಕಾದು ಮಗಳು ಕೇಳಿದಳು:

"ಕಾಕಾ, ನೀವು ಜೊತೀಗಿದ್ದವ್ರು. ಖರೇ ಹೇಳ್ರಿ. ನಮ್ಮಪ್ಪ ಮಲಗಿದ್ನೇನ್ರೀ?"

ಹೇಳಿಬಿಡಬಹುದಿತ್ತು. ನನ್ನ ನೌಕರಿ ಮುಗಿದು ಪಿಂಚಣಿಯೂ ಬರುತ್ತಿತ್ತು, ಕಳೆದುಕೊಳ್ಳುವುದು ಏನೂ ಉಳಿದಿರಲಿಲ್ಲ. ಆದರೂ ನನ್ನ ಹಾಳು ನಾಲಿಗೆ ಹೇಳಿದ್ದೇನು? "ಅಲ್ಲಿ ಬಿಸಲು ಭಾಳ ಇತ್ತವ್ವಾ... ಯಾರಿಗಾದ್ರೂ ಕಣ್ಣು ಹತ್ತತಿದ್ವು." ಬಾಗಿಲ ಮರೆಯಲ್ಲಿದ್ದ ಸೆರಗು ಒಳಗೆ ಸರಿಯಿತು.

ಮೊನ್ನೆ ಗೇಟಿನ ಮುಂದೆ ಆ ಗುರುತು ನೋಡಿದವನು ಮರುದಿನವೇ ಮಾನ್ವಿ ಬಸ್ ಹತ್ತಿದೆ. ಈ ಸಲ ನೀರು ಕುಡಿಯುವ ಮೊದಲೇ ಹೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡೆ. ಬಾಗಿಲು ತೆಗೆದ ಮಗಳಿಗೆ ಹೊಸ್ತಿಲಲ್ಲಿ ನಿಂತೇ ಹೇಳಿದೆ. "ಮಲಗಿದಾಂವ ನಾನವ್ವಾ. ನಿಮ್ಮಪ್ಪ ಅಲ್ಲ."

 ಅವಳು ಗೋಡೆಯ ಕಡೆ ನೋಡಿದಳು. ಅಣ್ಣನ ಫೋಟೋದ ಪಕ್ಕ ಅತ್ತಿಗೆಯ ಫೋಟೋ ಇತ್ತು. ಎರಡಕ್ಕೂ ಹಾರ. ನನಗೆ ಗೊತ್ತೇ ಇರಲಿಲ್ಲ.

"ಇದನ್ನ ಆವತ್ತ ಹೇಳಿದ್ರ ನಮ್ಮವ್ವ ಕೇಳತಿದ್ಳಲ್ರೀ ಕಾಕಾ," ಅಂದಳು. "ಅಲ್ಲೇ ಬಾಗಲ ಹಿಂದ ಕುಂತಿದ್ಳು. ಅದನ್ನ ಕೇಳಾಕಂತನ ಕುಂತಿದ್ಳು."

ಆಮೇಲೆ ಒಳಗೆ ಹೋಗಿ ಚೊಂಬು ತಂದು ನನ್ನ ಮುಂದೆ ಇಟ್ಟಳು.

"ಬಿಸಲಾಗ ಬಂದೀರಿ. ನೀರು ಕುಡೀರಿ."