ಬಲಬದಿಯ ಮಡ್‌ಗಾರ್ಡ್ ಕೂತ ಮಧ್ಯಾಹ್ನ

ಇಂಥ ಅನುಭವಗಳನ್ನು ಯಾರಾದರೂ ಹೇಳಿದರೆ ನಾನು ಆಸಕ್ತಿಯಿಂದ ಕೇಳುತ್ತಿದ್ದೆ, ನಂಬುತ್ತಿರಲಿಲ್ಲ. ಹೇಳುವವರು ಸುಳ್ಳುಗಾರರೆಂದಲ್ಲ. ನೆನಪು ಕದ್ದುಮುಚ್ಚಿ ಎಲ್ಲವನ್ನೂ ತಿದ್ದುತ್ತಿರುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ನನ್ನದೇ ಹಳೆಯ ದಿನಚರಿ ತೆಗೆದಾಗಲೆಲ್ಲ, ಖಂಡಿತ ಹೀಗೇ ನಡೆದಿತ್ತು ಎಂದುಕೊಂಡದ್ದು ಬೇರೆಯೇ ಆಗಿರುತ್ತದೆ. ಆದ್ದರಿಂದ ಇದನ್ನೂ ನೀವು ಅನುಮಾನದಿಂದಲೇ ಓದಬಹುದು. ನನ್ನ ಅನುಮಾನವಂತೂ ಇನ್ನೂ ಹೋಗಿಲ್ಲ.

ಅಣ್ಣನ ಹತ್ತಿರ ಎರಡೇ ಸೀಟಿನ, ಮೇಲೆ ಗಟ್ಟಿ ಮುಚ್ಚಿಗೆಯಿಲ್ಲದ ಒಂದು ಹಳೆಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರಿತ್ತು. ಇಲ್ಲಿಯ ಮಳೆಗೆ ಅದರ ತಗಡು ತುಕ್ಕು ಹಿಡಿದು ಹಪ್ಪಳವಾಗಿತ್ತು. ಮೂಲ ಕಂಪನಿಯ ಭಾಗಗಳು ಸಿಗದೆ, ಕೊಯಮತ್ತೂರಿನಲ್ಲಿ ಅಚ್ಚುಹಾಕಿ ಮಾಡಿದ ಫೈಬರ್ ಮಡ್‌ಗಾರ್ಡುಗಳನ್ನು ತರಿಸಿದ್ದ. ಶಿರಸಿಯ ರಫೀಕನ ಗ್ಯಾರೇಜಿಗೆ ಅವು ಬಂದಿಳಿದ ಸ್ವಲ್ಪ ದಿನಕ್ಕೆ ಅಣ್ಣ ಹೃದಯಾಘಾತದಿಂದ ಹೋಗಿಬಿಟ್ಟ.

ಉಮ್ಮಚಗಿಯಲ್ಲಿ ಶಾಲೆ ಟೀಚರಾಗಿರುವ ಅತ್ತಿಗೆ ಒಂದೇ ಮಾತು ಹೇಳಿದ್ದರು. "ಅರ್ಧ ಬಿಚ್ಚಿಟ್ಟಿದ್ದು ನೋಡಲೆ ಆಗ್ತಿಲ್ಲೆ. ಪೂರ್ತಿ ಆದ್ರೆ ಮನೆಗೆ ತಗಂಡು ಬಾ. ಇಲ್ದೇ ಹೋದ್ರೆ ಕೊಟ್ಟುಬುಡು." ಬರೀ ಇಂಜಿನ್ನಿಗಾಗಿ ಅದನ್ನು ಕೇಳುತ್ತಿದ್ದ ಹುಬ್ಬಳ್ಳಿಯವರೊಬ್ಬರಿಗೆ ಸೋಮವಾರ ಬರಲು ಹೇಳಿಯೂ ಆಗಿತ್ತು. ಕೊಟ್ಟರೆ ಉಳಿದದ್ದನ್ನು ಅವರು ಕತ್ತರಿಸಿ ಹಾಕುತ್ತಾರೆಂದು ನನಗೆ ಗೊತ್ತಿತ್ತು.

ನಾನೂ ರಫೀಕನೂ ಸೇರಿ ಜೋಡಿಸತೊಡಗಿದೆವು. ಉಳಿದ ಮಡ್‌ಗಾರ್ಡುಗಳೆಲ್ಲ ಕೂತವು. ಚಾಲಕನ ಬದಿಯ, ಎಂದರೆ ಬಲಬದಿಯ, ಮುಂದಿನ ಮಡ್‌ಗಾರ್ಡ್ ಮಾತ್ರ ಕೂರಲಿಲ್ಲ. ಬಾಗಿಲಿನ ಪಕ್ಕ ಮೇಲೆ ಬೆರಳು ತೂರುವಷ್ಟು ಸಂದು, ಕೆಳಗೆ ಒಂದಕ್ಕೊಂದು ಉಜ್ಜಾಟ. ಬೋಲ್ಟಿನ ತೂತುಗಳು ಎದುರುಬದುರಾಗುತ್ತಲೇ ಇರಲಿಲ್ಲ. ಓಡಿಸದ ಗಾಡಿಯನ್ನು ಮಳೆಗಾಲಕ್ಕೆ ಹಲಸಿನ ದಿಮ್ಮಿಗಳ ಮೇಲೆ ಎತ್ತಿಡುವುದು ನಮ್ಮಲ್ಲಿ ರೂಢಿ. ಹಾಗೆ ಇಟ್ಟಲ್ಲೇ ನಾವು ಎಲ್ಲವನ್ನೂ ಜೋಡಿಸುತ್ತಿದ್ದೆವು.

"ಅದೇ ತಪ್ಪಾಗಿದ್ದು ಸಾರ್. ದಿಮ್ಮಿ ಮೇಲೆ ಗಾಡಿ ಮೈ ಬಿಗಿ ಹಿಡ್ಕಂಡಿರ್ತದೆ. ಇಳಿಸಿ ನೋಡ್ವ" ಎಂದ ರಫೀಕ.

ಇಳಿಸಿದೆವು. ಸಂದು ಕಿರಿದಾಯಿತು, ಮುಚ್ಚಲಿಲ್ಲ.

"ನೀವು ಪಾಠ ಮಾಡೋ ಕಾಲೇಜು ಹುಡುಗರ ಹಾಂಗೇ ಇದು. ಎಷ್ಟು ಹೇಳಿದ್ರೂ ಬಗ್ಗುದಿಲ್ಲ. ಕೊಯ್ಯುದೊಂದೇ ದಾರಿ" ಎಂದ ರಫೀಕ.

ಕೊಯ್ದರೆ ಫೈಬರ್ ಸೀಳಬಹುದಿತ್ತು. ಹಳೆಯ ತಗಡನ್ನಾದರೂ ಮತ್ತೆ ಹಾಕೋಣವೆಂದರೆ, ಹೊಸದನ್ನು ಜೋಡಿಸಿ ನೋಡುವ ಮೊದಲೇ ನಾವು ಅದನ್ನು ಗುಜರಿಗೆ ಕೊಟ್ಟಿದ್ದೆವು.

ಭಾನುವಾರ ಮಧ್ಯಾಹ್ನ ಅತ್ತಿಗೆ ಬಂದರು. ರಫೀಕ ಕೊಯ್ಯಲು ಗುರುತು ಹಾಕುತ್ತಿದ್ದ.

"ತಡಿ, ಆನು ಒಂದ್ಸಲ ಕೂತ್ಗತ್ತೆ" ಎಂದು ಅತ್ತಿಗೆ ಎಡಗಡೆಯ ತಮ್ಮ ಸೀಟಿನಲ್ಲಿ ಕೂತರು. ಬ್ಯಾಗು ತೊಡೆಯ ಮೇಲಿತ್ತು. ಮುಂದೆ ರಸ್ತೆ ಇದ್ದಂತೆ ನೋಡುತ್ತಿದ್ದರು.

ಕಾರು ಎಡಕ್ಕೆ ಸ್ವಲ್ಪ ತಗ್ಗಿತು. ಅದು ಸಹಜ. ಮರುಕ್ಷಣ ಬಲಬದಿ ತಗ್ಗಿತು, ಅದಕ್ಕಿಂತ ಹೆಚ್ಚು. ಜರ್ರನೆ ಕುಸಿದದ್ದಲ್ಲ. ಭಾರದ ಆಳು ಒಂದು ಕಾಲು ಒಳಗಿಟ್ಟು, ಆಮೇಲೆ ಮೈ ಇಳಿಸಿ ಕೂತರೆ ಹೇಗೋ ಹಾಗೆ. ಚಾಲಕನ ಸೀಟು ಖಾಲಿಯಿತ್ತು.

"ಸಾರ್, ನೀವು ಗಾಡಿ ಮುಟ್ಟಿದ್ರಾ?" ರಫೀಕ ತಲೆಯೆತ್ತದೆ ಕೇಳಿದ. ನಾನು ದೂರದಲ್ಲಿ ಗೋಡೆಗೆ ಒರಗಿದ್ದೆ. ಹತ್ತಿರ ಹೋಗಿ ನೋಡಿದೆ. ಸಂದು ಮೇಲಿನಿಂದ ಕೆಳತನಕ ಒಂದೇ ಸಮ. ತೂತುಗಳು ಸರಿಯಾಗಿ ಎದುರುಬದುರು. ರಫೀಕ ಗುರುತು ಹಾಕುವುದನ್ನು ಬಿಟ್ಟು ಬೋಲ್ಟುಗಳನ್ನು ಒಂದೊಂದಾಗಿ ಬಿಗಿದ. ನನಗೆ ಹೆದರಿಕೆ ಆಗಲಿಲ್ಲ ಎಂದರೆ ನಂಬುತ್ತೀರೋ ಇಲ್ಲವೋ. ಮಾತಾಡಿದರೆ ಏನೋ ಕೆಡುತ್ತದೆ ಅನ್ನಿಸಿತು. ಆಮೇಲೆ ನೋಡಿಕೊಂಡರೆ ನಾನು ಬರಿಗಾಲಲ್ಲಿ ನಿಂತಿದ್ದೆ. ಚಪ್ಪಲಿ ಯಾವಾಗ ಬಿಟ್ಟೆನೋ ಗೊತ್ತಿಲ್ಲ.

ಅತ್ತಿಗೆ ಇಳಿದರು, ಎಡಬದಿ ಎದ್ದಿತು. ಬಲಬದಿ ಹಾಗೇ ಇತ್ತು. ತುಸು ಹೊತ್ತಾದ ಮೇಲೆ ಅದೂ ಮೆಲ್ಲಗೆ ಮೇಲೆ ಬಂತು. ಬಿಗಿದ ಮಡ್‌ಗಾರ್ಡ್ ಕದಲಲಿಲ್ಲ.

ಬಹಳ ದಿನ ದಿಮ್ಮಿಯ ಮೇಲಿದ್ದು ಸ್ಪ್ರಿಂಗ್ ಹಿಡಿದುಕೊಂಡಿತ್ತು, ಅತ್ತಿಗೆ ಕೂತ ಅಲುಗಾಟಕ್ಕೆ ಬಿಟ್ಟುಕೊಂಡಿತು ಎಂದು ಆ ಸಂಜೆಯೇ ನನಗೆ ನಾನು ಹೇಳಿಕೊಂಡೆ. ಹಾಗೆ ಬಿಟ್ಟುಕೊಂಡದ್ದು ಮತ್ತೆ ಮೇಲೇಳುತ್ತದೆಯೇ ಎಂದು ರಫೀಕನನ್ನು ಕೇಳಿದಾಗ, "ಕೂತಿದೆಯಲ್ಲ ಸಾರ್, ಬಿಡಿ" ಎಂದನೇ ಹೊರತು ನನ್ನ ಮುಖ ನೋಡಲಿಲ್ಲ.

ಹುಬ್ಬಳ್ಳಿಯವರಿಗೆ ಬರುವುದು ಬೇಡವೆಂದು ಫೋನ್ ಮಾಡಿದೆ. ಬಣ್ಣವಾದ ಮೇಲೆ ಕಾರನ್ನು ಉಮ್ಮಚಗಿಗೆ ಒಯ್ದೆ. ಅಲ್ಲಿಯತನಕ ಅತ್ತಿಗೆಯ ಹತ್ತಿರ ಆ ಮಾತು ಎತ್ತಿರಲಿಲ್ಲ. ಚಹಾ ಕುಡಿಯುತ್ತ, ಅವತ್ತು ಕಾರು ಬಲಕ್ಕೆ ತಗ್ಗಿದ್ದು ಗೊತ್ತಾಯಿತೇ ಎಂದು ಕೇಳಿದೆ. ಅವರು ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು.

"ನಿಂಗೂ ಗೊತ್ತಾತಾ?" ಎಂದರು.

ರಜೆಯ ದಿನ ಅವರನ್ನು ಕೂರಿಸಿಕೊಂಡು ಯಲ್ಲಾಪುರದ ತನಕ ಹೋಗಿಬರುವುದುಂಟು. ಏನಾಯಿತೆಂದು ನನಗೆ ಇವತ್ತಿಗೂ ತಿಳಿಯದು. ಆದರೆ ಚಾಲಕನ ಬಾಗಿಲು ತೆರೆದ ಮೇಲೆ ನಾನು ತಕ್ಷಣ ಕೂರುವುದಿಲ್ಲ. ಒಳಗಿರುವವರು ಇಳಿಯಲು ಬೇಕಾಗುವಷ್ಟು ಹೊತ್ತು ಹೊರಗೇ ನಿಲ್ಲುತ್ತೇನೆ.