ಬೇಯಿಸದ ಅಕ್ಕಿ

ಚಾಮರಾಜನಗರದ ನಮ್ಮ ಬುದ್ಧವಿಹಾರದಲ್ಲಿ ಭಾನುವಾರ ಭಾನುವಾರ ಮಧ್ಯಾಹ್ನ ಹಸಿದು ಬಂದವರಿಗೆಲ್ಲ ಊಟ. ಅಡುಗೆ ನಂದು. ಅನ್ನ, ಹುರುಳಿಕಾಳು ಸಾರು, ಮಜ್ಜಿಗೆ. ಆಸ್ಪತ್ರೆಗೆ ಬಂದವರು, ಕೂಲಿ ಸಿಗದವರು, ಯಾರೇ ಬಂದರೂ ನೀವು ಯಾವ ಪೈಕಿ ಅಂತ ಕೇಳುವುದಿಲ್ಲ. ಕೇಳಿಸಿಕೊಂಡು ಕೇಳಿಸಿಕೊಂಡು ನಮಗೇ ಸಾಕಾಗಿದೆ.

ವಿಹಾರಕ್ಕೆ ಹೂ ತರುತ್ತಿದ್ದವಳು ಬಸ್ ಸ್ಟ್ಯಾಂಡಿನ ಹೂವಿನಕ್ಕ. ಗುಂಡ್ಲುಪೇಟೆ ಕಡೆಯ ಚೆಂಡುಹೂ ಕಟ್ಟಿ ಮಾರುವವಳು. ಲಿಂಗ ಕಟ್ಟಿದ ಮನೆತನ. ಗಂಡನಿಲ್ಲ, ಮಕ್ಕಳಿಲ್ಲ, ಬಾಡಿಗೆ ಕೋಣೆಯಲ್ಲಿ ಒಬ್ಬಳೇ. ಮಂಡಿನೋವು ಹಿಡಿದ ಮೇಲೆ ಬೀದಿ ಸುತ್ತಲಾರದೆ ವ್ಯಾಪಾರ ಬಿದ್ದುಹೋಗಿತ್ತು. ಸರಿಯಾಗಿ ಊಟದ ಹೊತ್ತಿಗೇ ಬಂದು ಬಾಗಿಲಾಚೆ ನಿಲ್ಲುತ್ತಿದ್ದಳು.

"ಉಂಡ್ಕೊಂಡ್ ಓಗಕ್ಕ" ಅಂದರೆ, "ಉಂಡೇ ಬಂದಿವ್ನಿ ಕಣಮ್ಮಿ. ಅಕ್ಕಿ ಇದ್ರೆ ಒಂದೀಟು ಕೊಡು, ಮನೇಲಿ ಬೇಯಿಸ್ಕತೀನಿ" ಅನ್ನುತ್ತಿದ್ದಳು. ಬೇಯಿಸದ ಅಕ್ಕಿಗೆ ನಮ್ಮ ಮೈಲಿಗೆ ಅಂಟುವುದಿಲ್ಲವಲ್ಲ. ನಮ್ಮೂರು ಉಡಿಗಾಲದಲ್ಲಿ ನಮ್ಮವ್ವ ಕಳೆ ಕೀಳಲು ಹೋದ ಮನೆಗಳಲ್ಲಿ ಬೊಗಸೆಗೆ ಎತ್ತಿ ನೀರು ಹುಯ್ಯುತ್ತಿದ್ದದ್ದು ನೆನಪಾಗಿ ನನಗೆ ಮೈ ಉರಿಯುತ್ತಿತ್ತು. ಆದರೂ ಕೊಡುತ್ತಿದ್ದೆ. ಹಸಿದವಳ ಮೇಲೆ ಹಳೇ ಸೇಡು ತೀರಿಸಿಕೊಂಡು ನಾನು ಯಾವ ಬುದ್ಧನ ಮುಂದೆ ದೀಪ ಹಚ್ಚಲಿ?

ಒಂದು ಭಾನುವಾರ ಹೂ ಬರಲಿಲ್ಲ. ಮಾರನೇ ದಿನ ಹುಡುಕಿಕೊಂಡು ಹೋದೆ. ಚಾಪೆಯ ಮೇಲೆ ಮುದುರಿ ಮಲಗಿದ್ದಳು. ಮೂಲೆಯಲ್ಲಿ ನಾನು ಕೊಟ್ಟ ಅಕ್ಕಿ ಚೀಲದಲ್ಲಿ ಹಾಗೇ ಇತ್ತು. ಪಕ್ಕದ ಲೋಟದಲ್ಲಿ ಒಂದು ಹಿಡಿ ನೆನೆಹಾಕಿದ್ದಳು. ಅದನ್ನೇ ಅಗಿದು ತಿಂದುಕೊಂಡಿದ್ದಳು.

"ಗ್ಯಾಸ್ ಆಗೋಗಿ ಬಾಳ ದಿನ ಆಯ್ತು ಕಣಮ್ಮಿ. ಸೌದೆ ಉರ್ಸಿದ್ರೆ ಓನರಮ್ಮ ಬಯ್ತದೆ."

ಸಿಲಿಂಡರ್ ಕೊಡಿಸುವ ಶಕ್ತಿ ನನಗೂ ಇಲ್ಲ. ಮನೆಗೆ ಓಡಿ ಡಬ್ಬಿಯಲ್ಲಿ ಅನ್ನ ಸಾರು ತಂದೆ. ಅವಳು ನನ್ನ ಮುಖ ನೋಡಲಿಲ್ಲ, ಬಾಗಿಲು ನೋಡಿದಳು. "ಮುಚ್ಬುಡು" ಅಂದಳು. ಮುಚ್ಚಿದೆ. ಗಬಗಬ ಉಂಡಳು. ಕೈ ತೊಳೆದು, "ಯಾರ್ಗೂ ಏಳ್ಬ್ಯಾಡ" ಅಂದಳು. ಅವಳು ಉಂಡಳಲ್ಲ ಅಂತ ನನಗೆ ಸಂತೋಷವಾಗಬೇಕಿತ್ತು. ಅವಮಾನವಾಯಿತು. ಆ ವಾರವೆಲ್ಲ ಹಾಗೇ ಡಬ್ಬಿ ಹೊತ್ತೆ, ಬಾಗಿಲು ಮುಚ್ಚಿದೆ.

ಮುಂದಿನ ಭಾನುವಾರ ಕುಂಟುತ್ತಾ ಹೂ ಹಿಡಿದು ಬಂದಳು. ಒಂದು ವಾರ ನನ್ನ ಕೈಯ ಅನ್ನ ಉಂಡವಳು, ಇವತ್ತಾದರೂ ನಮ್ಮ ಜೊತೆ ಕೂರುತ್ತಾಳೆ ಅಂತ ಆಸೆ. ಪಂಕ್ತಿಯಲ್ಲಿ ಒಂದು ಎಲೆ ಹಾಕಿ ಕರೆದೆ. ಆಚೆ ಅಂಗಡಿ ಮುಂದೆ ಅವಳ ಓನರಮ್ಮ ನಿಂತು ಇತ್ತಲೇ ನೋಡುತ್ತಿದ್ದಳು. ಹೂವಿನಕ್ಕ ಅತ್ತ ಒಂದು ಸಲ ನೋಡಿದಳು, ಎಲೆಯನ್ನೂ ನೋಡಿದಳು.

"ಉಂಡೇ ಬಂದಿವ್ನಿ ಕಣಮ್ಮಿ" ಅಂದಳು, ಅಂಗಡಿಗೆ ಕೇಳುವ ಹಾಗೆ. "ಅಕ್ಕಿ ಇದ್ರೆ ಒಂದೀಟು ಕೊಡು, ಮನೇಲಿ ಬೇಯಿಸ್ಕತೀನಿ."

ಸೆರಗು ಒಡ್ಡಿ ನಿಂತಳು. ಒಳಗೆ ಪಾತ್ರೆಯಲ್ಲಿ ಅನ್ನ ಹಬೆಯಾಡುತ್ತಿತ್ತು. ಇಲ್ಲೇ ಎಲ್ಲ ಹೇಳಿಬಿಡಲೇ ಅನ್ನಿಸಿತು. ಸೇರು ತಂದು ಅಕ್ಕಿ ಅಳೆದು ಅವಳ ಸೆರಗಿಗೆ ಹಾಕಿದೆ. ಸಿಲಿಂಡರ್ ಖಾಲಿ ಅಂತ ಅಲ್ಲಿದ್ದವರಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೇ.